ಬೆಳಿಗ್ಗೆ ಕಳಿಸಿದ ಪುಟ

"ಐದನೇ ಕ್ಲಾಸಿಗೆ ಬಾ, ಆಗ ದಾವಣಗೆರೆಗೆ ಕರಕೊಂಡು ಹೋಗ್ತೀನಿ. ಆಮೇಲೆ ನಾವಿಬ್ಬರೂ ಒಂದೇ ಮನೆಯಾಗ ಇರೋದು" ಎಂದು ಕೊಟ್ಟೂರೇಶ್ ಮಗಳಿಗೆ ಮಾತು ಕೊಟ್ಟಿದ್ದು ಹರಿಹರದ ಬಸ್ ಸ್ಟ್ಯಾಂಡಿನಲ್ಲಿ. ಆಗ ನಯನಾಳಿಗೆ ನಾಲ್ಕು ವರ್ಷ. ತಾಯಿ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಅಜ್ಜಿಯ ಸೊಂಟದ ಮೇಲೆ ಕೂತ ಮಗು ಅಪ್ಪನ ಅಂಗಿಯ ಜೇಬು ಹಿಡಿದುಕೊಂಡಿತ್ತು. ಕಂಡಕ್ಟರ್ ಸೀಟಿ ಊದಿದರೂ ಬಿಡಲಿಲ್ಲ. ಏನಾದರೂ ಹೇಳಿ ಬಿಡಿಸಿಕೊಳ್ಳಬೇಕಾಗಿತ್ತು. ಐದನೇ ಕ್ಲಾಸಿಗೆ ಇಂಗ್ಲಿಷ್ ಶುರುವಾಗುತ್ತದೆ, ಆ ಹೊತ್ತಿಗೆ ದೊಡ್ಡ ಊರಿನ ಶಾಲೆ ಬೇಕಾಗುತ್ತದೆ ಎನ್ನುವುದು ಹೇಗೋ ತಲೆಗೆ ಬಂತು, ಬಾಯಿಗೂ ಬಂತು. ಐದನೇ ಕ್ಲಾಸು ಎಂದರೆ ಅವತ್ತು ಬಹಳ ದೂರದ ಮಾತು.

ಈಗ ತೊಂಬತ್ತೊಂಬತ್ತನೇ ಇಸವಿ. ನಯನಾ ನಾಲ್ಕನೇ ಕ್ಲಾಸು ಮುಗಿಸುತ್ತಿದ್ದಳು.

ದಾವಣಗೆರೆಯಿಂದ ಹರಿಹರ ಏನು ಮಹಾ ದೂರವಲ್ಲ. ಬಸ್ಸು ಹತ್ತಿ ಒಂದು ಪೊಟ್ಟಣ ಕಡಲೆಕಾಯಿ ತಿಂದು ಮುಗಿಸುವಷ್ಟರಲ್ಲಿ ಊರು ಬಂದಿರುತ್ತದೆ. ಆದರೂ ಕೊಟ್ಟೂರೇಶನಿಗೆ ಮಗಳು ಸಿಗುತ್ತಿದ್ದದ್ದು ಭಾನುವಾರ ಮಾತ್ರ. ಅವನು ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದ. ಬೆಳಿಗ್ಗೆ ಏಳರ ಬ್ಯಾಚಿಗೆ ಬಾಗಿಲು ತೆಗೆದರೆ ರಾತ್ರಿ ಒಂಬತ್ತರ ಬ್ಯಾಚು ಬಿಟ್ಟ ಮೇಲೆ ಬೀಗ ಹಾಕುವವನೂ ಅವನೇ. ಇರುವುದು ಸರಸ್ವತಿ ನಗರದ ಒಂದು ಕೋಣೆಯಲ್ಲಿ, ಇನ್ನಿಬ್ಬರು ಮದುವೆಯಾಗದ ಹುಡುಗರ ಜೊತೆ. ಅಲ್ಲಿಗೆ ಹೆಣ್ಣುಮಗುವನ್ನು ಕರೆತರುವಂತಿರಲಿಲ್ಲ. ಹರಿಹರದ ಅತ್ತೆಯ ಮನೆಯಲ್ಲೇ ಇದ್ದುಬಿಡೋಣವೆಂದರೆ ಅದೂ ಆಗುವುದಲ್ಲ. ಹೆಂಡತಿ ಇಲ್ಲದ ಅಳಿಯ ಅತ್ತೆಯೊಬ್ಬಳೇ ಇರುವ ಮನೆಯಲ್ಲಿ ರಾತ್ರಿ ಉಳಿಯುವುದು ಅವರ ಕಡೆ ಇಲ್ಲ. ಊಟ ಮಾಡಿ ಕೊನೆಯ ಬಸ್ಸು ಹಿಡಿಯಬೇಕು.

ಇನ್ನೂ ಒಂದು ಪದ್ಧತಿ ಇತ್ತು. ಅತ್ತೆ ನಿರ್ಮಲಮ್ಮ ಅಳಿಯನ ಎದುರು ನಿಂತು ಮಾತಾಡುವವರಲ್ಲ. ಅಡುಗೆಮನೆಯ ಬಾಗಿಲ ಹಿಂದೆ, ಸೆರಗು ತಲೆಯ ಮೇಲೆ ಎಳೆದುಕೊಂಡು ನಿಲ್ಲುವರು. ಹೇಳುವುದೇನಿದ್ದರೂ ಮೊಮ್ಮಗಳ ಮುಖಾಂತರ. "ನಯನಾ, ನಿಮ್ಮ ಅಪ್ಪಾಜಿಗೆ ಕೇಳವ್ವ, ಇನ್ನೊಂದು ರೊಟ್ಟಿ ಹಾಕ್ಲೇನು ಅಂತ." ಅಪ್ಪಾಜಿ ಮೂರಡಿ ದೂರದಲ್ಲೇ ಕೂತು ಅದನ್ನು ಕೇಳಿಸಿಕೊಂಡಿದ್ದರೂ, ನಯನಾ ಬಂದು ಅದನ್ನೇ ಕೇಳಿ, ಅವನ "ಸಾಕು" ಎಂಬುದನ್ನು ಮತ್ತೆ ಒಯ್ದು ಮುಟ್ಟಿಸಬೇಕು. ಚಿಕ್ಕವಳಿದ್ದಾಗ ಈ ಕೆಲಸ ಅವಳಿಗೆ ಬಹಳ ಖುಷಿ ಕೊಡುತ್ತಿತ್ತು. ಒಂದು ಸಲ ಅಪ್ಪ "ಸಾಕು" ಎಂದಿದ್ದನ್ನು "ಎರಡು ಬೇಕಂತೆ" ಎಂದು ಹೇಳಿ, ಎರಡು ರೊಟ್ಟಿ ತಂದು ತಾನೇ ತಿಂದಿದ್ದಳು.

ಹೀಗಾಗಿ ಮಗಳ ವಾರದ ಸುದ್ದಿಯನ್ನು ಕೊಟ್ಟೂರೇಶ್ ಮಗಳನ್ನೇ ಕೇಳಬೇಕು. ಕೇಳುತ್ತಿದ್ದ. ಶಾಲೆ ಹೆಂಗೈತೆ ಎಂದರೆ ಚೆನ್ನಾಗೈತೆ. ಮೇಷ್ಟ್ರು ಬೈತಾರೇನು ಎಂದರೆ ಇಲ್ಲ. ಯಾರ ಜೊತೆ ಆಡ್ತೀಯ ಎಂದರೆ ಎಲ್ಲರ ಜೊತೆ. ಒಂದೊಂದು ಪ್ರಶ್ನೆಗೂ ಒಂದೊಂದು ಚೂರು ಉತ್ತರ ಬಂದು ಬೀಳುತ್ತಿತ್ತು. ನಡುವೆ ಅವನು ಮುಂದಿನ ಪ್ರಶ್ನೆ ಹುಡುಕುತ್ತಿದ್ದ, ಅವಳು ಕಾಲಿನ ಉಂಗುಟದಿಂದ ನೆಲ ಕೆರೆಯುತ್ತಿದ್ದಳು. ಅಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತಿತ್ತು. ವಾರವೆಲ್ಲಾ ಕಾದ ಭಾನುವಾರ ಕೇಳುವುದರಲ್ಲೇ ಮುಗಿದುಹೋಗಿ, ಅವನು ಕಿಟಕಿಯ ಪಕ್ಕ ಕೂತು ದಾವಣಗೆರೆ ಬರುವ ತನಕ, ಕೇಳದೇ ಉಳಿದದ್ದನ್ನು ನೆನೆಸಿಕೊಳ್ಳುತ್ತಿದ್ದ.

ಆ ವರ್ಷ ಅವನಿಗೆ ಒಂದು ದಾರಿ ಕಂಡಿತ್ತು. ಮಂಡಿಪೇಟೆಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ಫಜಲುಲ್ಲಾ ಸಾಹೇಬರು ಅವನನ್ನು ಕರೆಸಿದ್ದರು. ಅವರ ಗೋದಾಮು ದಾವಣಗೆರೆಯಲ್ಲಿ, ಇನ್ನೊಂದು ಕೌಂಟರು ಹರಿಹರದಲ್ಲಿ. ಹರಿಹರಕ್ಕೆ ಬಂದ ರೈತನಿಗೆ ಬೇಕಾದ ಬೇರಿಂಗು ಗೋದಾಮಿನಲ್ಲಿ ಇದೆಯೋ ಇಲ್ಲವೋ ಎಂದು ಅಲ್ಲಿ ಕೂತೇ ಹೇಳುವಂತಾಗಬೇಕು ಎಂಬುದು ಅವರ ಆಸೆ. ಎರಡೂ ಕಡೆ ಕಂಪ್ಯೂಟರು ತಂದಿದ್ದರು. ದಾವಣಗೆರೆಯದು ಸರ್ವರ್, ಸರಕಿನ ವಿವರ ಇಟ್ಟುಕೊಳ್ಳುವುದು. ಹರಿಹರದ್ದು ಮೋಡೆಮ್ಮಿನಿಂದ ಫೋನ್ ಹಚ್ಚಿ ಆ ಸರ್ವರ್‌ನಿಂದ ವೆಬ್ ಪುಟ ತರಿಸಿಕೊಂಡು ತೋರಿಸುವುದು.

ಸಾಹೇಬರು ಚಹಾ ತರಿಸಿ ಹೇಳಿದ್ದರು: "ಇದು ಹರಿಹರದಾಗ ನಡೀತು ಅಂದ್ರೆ ನಿಮ್ಮ ಕ್ಲಾಸು ಗೀಸು ಬಿಟ್ಟು ಇಲ್ಲೇ ಬಂದುಬಿಡ್ರಿ. ರಾತ್ರಿ ಎಂಟಕ್ಕೆ ಅಂಗಡಿ ಬಂದ್, ಬಿಡುಗಡೆ. ಅಂಗಡಿ ಹಿಂದ ಎರಡು ರೂಮಿನ ಮನೆ ಖಾಲಿ ಐತೆ. ಮಗಳನ್ನ ಕರಕೊಂಡು ಬರ್ರಿ."

ಕೊಟ್ಟೂರೇಶ್ ಆ ಚಹಾ ಕುಡಿದನೋ ಬಿಟ್ಟನೋ ಅವನಿಗೇ ನೆನಪಿಲ್ಲ. ಎದ್ದು ಹೋಗಿ ಆ ಮನೆಯ ಕಿಟಕಿಯಲ್ಲಿ ಇಣುಕಿ ನೋಡಿ ಬಂದಿದ್ದ.

ಆದರೆ ಅವನು ಮಾಡಿದ ಪುಟ ನಡೆಯಲಿಲ್ಲ. ದಾವಣಗೆರೆಯಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಚೆನ್ನಾಗಿಯೇ ಇತ್ತು. ಹರಿಹರದ ಫೋನ್ ತಂತಿಗೆ ಹಚ್ಚಿದರೆ ಸೊರಗಿತು. ಪುಟ ಖಾಲಿಯಾಗಿ ಬರುತ್ತಿತ್ತು. ಬೇರಿಂಗ್ ಎಂದು ಒತ್ತಿದರೆ ಸರ್ವರ್‌ಗೆ ಹೋಗಿ ಕೇಳಿ, ಉತ್ತರ ತರುತ್ತಿತ್ತು. ಯಾವ ಅಳತೆ ಎಂದರೆ ಮತ್ತೆ ಹೋಗುತ್ತಿತ್ತು. ಎಷ್ಟಿವೆ ಎಂದರೆ ಮತ್ತೆ. ನಡುವೆ ಲೈನು ಕತ್ತರಿಸಿದರೆ ಮೊದಲಿಂದ. ಹರಿಹರದ ಕೌಂಟರಿನಲ್ಲಿ ಕೂರುತ್ತಿದ್ದ ಹಿರಿಯ ಮಕ್ತುಮ್ ಸಾಬ್ ಪರದೆಯ ಮುಂದೆ ಕೈಕಟ್ಟಿ ಕಾಯುವರು, ಅವರ ಮುಂದೆ ರೈತ ಕಾಯುವನು. "ಏನ್ರೀ ಕೊಟ್ಟೂರೇಶಪ್ಪ, ನಾ ನಮಾಜು ಮುಗಿಸಿ ಬಂದೆ, ನಿಮ್ಮ ಮಷೀನು ಇನ್ನೂ ವಿಚಾರ ಮಾಡಕತ್ತೈತೆ" ಎಂದು ಸಾಹೇಬರೇ ಒಂದು ದಿನ ನಕ್ಕರು. ಆ ನಗೆ ಇನ್ನೆಷ್ಟು ದಿನ ಬರುತ್ತದೋ ಎಂದು ಅವನಿಗೆ ದಿಗಿಲಾಯಿತು. ಜೂನಿಗೆ ಶಾಲೆ.

ಶಿವರಾತ್ರಿ ಕಳೆದ ಮೇಲಿನ ಭಾನುವಾರ ಅವನು ಎಂದಿಗಿಂತ ಮುಂಚಿನ ಬಸ್ಸಿಗೆ ಹರಿಹರಕ್ಕೆ ಹೋದ. ನಯನಾ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯ ಚೌಡವ್ವ ಹೊಳೆಗೆ ಬಟ್ಟೆ ಒಗೆಯಲು ಹೊರಟಿದ್ದಳು, ಇವಳೂ ಹಟ ಮಾಡಿ ಬೆನ್ನಿಗೆ ಬಿದ್ದಿದ್ದಳು. ಮನೆಯಲ್ಲಿ ನಿರ್ಮಲಮ್ಮ ಒಬ್ಬರೇ. ಮಾತು ಸಾಗಿಸುವ ಮಗು ಇಲ್ಲ. ಕೊಟ್ಟೂರೇಶ್ ಚಾಪೆಯ ಮೇಲೆ ಕೂತ, ಅವರು ಬಾಗಿಲ ಹಿಂದೆ ನಿಂತರು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು.

ಕೊನೆಗೆ ನಿರ್ಮಲಮ್ಮ, ನಡುಮನೆಯ ಕಂಬಕ್ಕೆ ಹೇಳುವವರಂತೆ, ಕೋರೆಯ ಹಾಲುಹಲ್ಲು ಹೋಗಿದೆ ಅವಳದು ಎಂದರು. ಶಾಲೆಯ ನಲ್ಲಿಯ ಹತ್ತಿರ ಬಿದ್ದಳಂತೆ. ಅಷ್ಟು ಹೇಳಿದ ಮೇಲೆ ಕಂಬವೂ ಬೇಕಾಗಲಿಲ್ಲ. ಒಂದರ ಬೆನ್ನಿಗೆ ಒಂದು ಬಂತು. ಪುಟ್ಟಕ್ಕ ಎಂಬ ಗೆಳತಿಯಿದ್ದಾಳೆ, ಬುತ್ತಿಯಲ್ಲಿ ಅರ್ಧ ಅವಳಿಗೆ ಹೋಗುತ್ತದೆ. ಭಾಗಾಕಾರ ಎಂದರೆ ಅಳುತ್ತಾಳೆ. ದೀಪ ಹಚ್ಚಿದ ಮೇಲೆ ಹಿತ್ತಲಿಗೆ ಕಾಲಿಡುವುದಿಲ್ಲ, ಕತ್ತಲೆಂದರೆ ಅಷ್ಟು ಹೆದರಿಕೆ. ನಿದ್ದೆಯಲ್ಲೂ ಅಜ್ಜಿಯ ಸೆರಗು ಬಿಡುವುದಿಲ್ಲ. ಹಾಗಲಕಾಯಿ ತಿನ್ನುವುದನ್ನು ಕಲಿತಿದ್ದಾಳೆ, ಯಾರೋ ಅದು ನಿಮಗೆ ಇಷ್ಟ ಎಂದರಂತೆ.

"ಶನಿವಾರ ತಾನೇ ತಲೆ ಎರಕೊಂತಾಳೆ" ಎಂದರು ನಿರ್ಮಲಮ್ಮ. ಈಗ ಮಾತು ನೇರ ಅವನಿಗೇ ಬರುತ್ತಿತ್ತು. "ನಾಳೆ ಅಪ್ಪಾಜಿ ಬರ್ತಾರೆ, ಇದು ಹೇಳ್ತೀನಿ, ಅದು ಹೇಳ್ತೀನಿ ಅಂತ ನಂಗೇ ಹೇಳ್ತಾಳೆ. ನೀವು ಬಂದ್ ಕೂಡ್ಲೆ ಬಾಯೇ ಬರಲ್ಲ ಅದಕ್ಕೆ."

ಕೊಟ್ಟೂರೇಶ್ ತಲೆ ತಗ್ಗಿಸಿ ಕೇಳಿಸಿಕೊಂಡ. ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಹಾಕುವ ಅಗತ್ಯವೇ ಬೀಳಲಿಲ್ಲ. ನಯನಾ ಒದ್ದೆ ಲಂಗದಲ್ಲಿ ಓಡಿ ಬಂದು ಅವನನ್ನು ನೋಡಿ ಬಾಗಿಲಲ್ಲೇ ನಿಂತಾಗ, ಶಾಲೆ ಹೆಂಗೈತೆ ಎಂದು ಕೇಳದೆ, ಭಾಗಾಕಾರ ನನಗೂ ಬರುತ್ತಿರಲಿಲ್ಲ, ನಮ್ಮ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದರು ಎಂದ. ಅವಳು ಹತ್ತಿರ ಬಂದಳು. ನಿಜವಾಗಲೂ ನಿಲ್ಲಿಸಿದ್ದರಾ ಎಂದಳು. ಹಲ್ಲಿಲ್ಲದ ಜಾಗದಲ್ಲಿ ನಾಲಿಗೆ ಆಡಿಸುತ್ತ ಪುಟ್ಟಕ್ಕನ ಸುದ್ದಿ ತೆಗೆದಳು. ಅವತ್ತು ಮಾತು ನಿಲ್ಲಲೇ ಇಲ್ಲ. ಬಸ್ ಸ್ಟ್ಯಾಂಡಿನ ತನಕ ಅವನ ಕಿರುಬೆರಳು ಹಿಡಿದು ಬಂದಳು.

ಬಸ್ಸು ಊರು ದಾಟುವ ಮುಂಚೆಯೇ ಅವನಿಗೆ ಹೊಳೆಯಿತು. ಭಾನುವಾರಗಳಲ್ಲಿ ತಾನು ಮಾಡಿದ್ದನ್ನೇ ತನ್ನ ಪುಟವೂ ಇಷ್ಟು ದಿನ ಮಾಡುತ್ತಿತ್ತು: ಖಾಲಿ ಕೈಯಲ್ಲಿ ಬಂದು, ಒಂದೊಂದಕ್ಕೂ ಓಡಿ ಹೋಗಿ ಕೇಳುವುದು. ಅತ್ತೆಯ ಹಾಗೆ ಸರ್ವರ್ ಎಲ್ಲವನ್ನೂ ಮೊದಲೇ ಹೇಳಿ ಕಳಿಸಿದರೆ?

ಮರುದಿನದಿಂದ ಬರೆದದ್ದನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟಿದ. ಹರಿಹರದಿಂದ ಕರೆ ಬಂದಾಗ ಸರ್ವರ್ ಈಗ ಬರೀ ಚೌಕಟ್ಟು ಕಳಿಸುತ್ತಿರಲಿಲ್ಲ. ಗೋದಾಮಿನ ಸರಕೆಲ್ಲವನ್ನೂ, ಹೆಸರು, ಅಳತೆ, ಎಷ್ಟಿವೆ ಎಂಬುದರ ಸಮೇತ, ಪುಟದ ಒಳಗೇ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು, ಆಮೇಲೆ ಕಳಿಸುತ್ತಿತ್ತು. ಬರುವುದು ಸ್ವಲ್ಪ ತಡ. ಬಂದ ಮೇಲೆ ಫೋನ್ ಇಟ್ಟುಬಿಟ್ಟರೂ ಚಿಂತೆಯಿಲ್ಲ. ಏನು ಕೇಳಿದರೂ ಪುಟ ತನ್ನ ಹೊಟ್ಟೆಯೊಳಗೇ ಹುಡುಕಿ ಹೇಳುತ್ತದೆ. ಫಜಲುಲ್ಲಾ ಸಾಹೇಬರಿಗೆ ಅರ್ಥವಾಗಲಿ ಎಂದು, ಮಗಳನ್ನು ಉಡಿ ತುಂಬಿ ಗಂಡನ ಮನೆಗೆ ಕಳಿಸಿದ ಹಾಗೆ ಎಂದ. "ಹಂಗನ್ರಿ ಮತ್ತ, ಇಷ್ಟು ದಿನ ಖಾಲಿ ಉಡಿಲೆ ಕಳಿಸ್ತಿದ್ರಿ" ಎಂದರು ಅವರು.

ಸರಕನ್ನೆಲ್ಲ ಕಂಪ್ಯೂಟರಿಗೆ ಹತ್ತಿಸುವ ಕೆಲಸ ಬಾಕಿಯಿತ್ತು. ಕ್ಲಾಸಿಲ್ಲದ ದಿನ ಭಾನುವಾರ ಒಂದೇ. ಭಾನುವಾರಗಳು ಗೋದಾಮಿಗೆ ಹೋದವು. ಮಾರ್ಚಿನಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಒಂದು ಗಳಿಗೆ ಅಂತ ಹರಿಹರಕ್ಕೆ ಹೋಗಿ ಬಂದ, ಅಷ್ಟೇ. ಆ ಎರಡು ಸಲವೂ ಮಗಳನ್ನು ಏನೂ ಕೇಳಲಿಲ್ಲ. ಕೇಳದಿದ್ದಾಗಲೇ ಅವಳು ಮಾತಾಡಿದ್ದಳಲ್ಲ, ಅದನ್ನೇ ಅವನು ಹಿಡಿದುಕೊಂಡಿದ್ದ. ಅವಳ ಸುದ್ದಿ ಅವನಿಗೆ ಗೊತ್ತಿತ್ತು: ಹಲ್ಲು, ಪುಟ್ಟಕ್ಕ, ಭಾಗಾಕಾರ, ಕತ್ತಲೆ. ಕೆಲಸದ ನಡುವೆ ಅವಳು ನೆನಪಾಗಿ ಕೈ ನಿಂತಾಗಲೂ ಅದನ್ನೇ ಒಂದೊಂದಾಗಿ ಬಿಡಿಸಿ ನೋಡುತ್ತಿದ್ದ. ಇಲ್ಲೇ ಪಕ್ಕದಲ್ಲಿ ಕೂತಿದ್ದಾಳೆ ಅನ್ನಿಸುತ್ತಿತ್ತು. ಆಮೇಲೆ ಕೂತಿಲ್ಲ ಎನ್ನುವುದು ಇನ್ನಷ್ಟು ಕಾಡುತ್ತಿತ್ತು. ಏಪ್ರಿಲ್‌ನಲ್ಲಿ ಹೋದಾಗ ಅವಳು ಕಂಬಕ್ಕೆ ಒರಗಿ ಅವನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಅವನು ಭಾಗಾಕಾರದ ಮಾತೆತ್ತಿ ನಗಿಸಲು ನೋಡಿದ. ಅವಳು ನಕ್ಕಳು. ಬಸ್ಸಿಗೆ ಹೊತ್ತಾಗಿತ್ತು.

ಮೇ ತಿಂಗಳಲ್ಲಿ ಹರಿಹರದ ಕೌಂಟರಿನಲ್ಲಿ ಪುಟ ನಡೆಯಿತು. ಸಾಹೇಬರು ಖುದ್ದು ಬಂದು ಫೋನಿನ ತಂತಿಯನ್ನು ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದುಕೊಂಡು, ಫುಟ್‌ವಾಲ್ವು, ಬೇರಿಂಗು, ವಾಷರು ಎಂದು ಬಾಯಿಗೆ ಬಂದದ್ದೆಲ್ಲ ಕೇಳಿದರು. ಮಕ್ತುಮ್ ಸಾಬ್ ಒತ್ತಿದರು, ಉತ್ತರ ಬಂತು. ಅಂಗಡಿಯಲ್ಲಿದ್ದವರಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಹಂಚಿದರು.

ಒಂದು ಎಡವಟ್ಟಾಯಿತು. ಮೂರನೇ ದಿನ ಮಕ್ತುಮ್ ಸಾಬ್ ಸಂಜೆ ಬಂದ ಗಿರಾಕಿಗೆ ದೊಡ್ಡ ಫುಟ್‌ವಾಲ್ವು ಇದೆಯೆಂದು ಭರವಸೆ ಕೊಟ್ಟು ದಾವಣಗೆರೆಗೆ ಕಳಿಸಿದರು. ಅದು ಅಲ್ಲಿ ಮಧ್ಯಾಹ್ನವೇ ಮಾರಾಟವಾಗಿತ್ತು. ಆ ರೈತ ಗೋದಾಮಿನ ಬಾಗಿಲಲ್ಲಿ ನಿಂತು ಬೈದದ್ದು ಪೇಟೆಗೆಲ್ಲ ಕೇಳಿಸಿತು. ಮಕ್ತುಮ್ ಸಾಬ್ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಪುಟ ತರಿಸಿ, ಇಡೀ ದಿನ ಅದನ್ನೇ ನಂಬಿದ್ದರು.

"ಬೆಳಿಗ್ಗೆ ಹೇಳಿದ್ದು ಸಂಜೆಗೆ ಸುಳ್ಳಾಗ್ತೈತಂತ ನಂಗೇನ್ರೀ ಗೊತ್ತು?" ಎಂದರು ಅವರು ಕೊಟ್ಟೂರೇಶನಿಗೆ. "ಐತೆ ಅಂತ ನಿಮ್ಮ ಪುಟಾನೇ ಹೇಳಿತ್ತು. ನಾ ಹೇಳಿದ್ನಾ?"

ಕೊಟ್ಟೂರೇಶ್ ನಕ್ಕು, ತಪ್ಪು ತನ್ನದೇ ಎಂದ. ಪುಟದ ನೆತ್ತಿಯ ಮೇಲೆ, ಈ ವಿವರ ಯಾವ ಗಂಟೆಯದು ಎಂದು ದೊಡ್ಡದಾಗಿ ಬರುವಂತೆ ಮಾಡಿದ. ಗಂಟೆಗೊಮ್ಮೆ ಹೊಸದಾಗಿ ತರಿಸಿಕೊಳ್ಳುವುದನ್ನು ಸಾಬರಿಗೆ ಕಲಿಸಿದ. ಅದಕ್ಕೆ ದಾವಣಗೆರೆಯಲ್ಲಿ ಮಾರಿದ್ದೆಲ್ಲ ಆಗಿಂದಾಗ ಸರ್ವರ್‌ಗೆ ಏರಬೇಕು, ಅಂಗಡಿ ತೆಗೆಯುವಾಗಿಂದ ಮುಚ್ಚುವ ತನಕ ಒಬ್ಬರು ಅಲ್ಲೇ ಇರಬೇಕು. ಸಾಹೇಬರು ಹಿಂದಿನ ಮನೆಯ ಬೀಗದ ಕೈಯನ್ನು ಅವನ ಮುಂದಿಟ್ಟರು. ಆ ಒಬ್ಬರು ಅವನೇ.

ಮನೆಗೆ ಸುಣ್ಣ ಹೊಡೆಸಿದ. ಸಣ್ಣ ಮಂಚ ತಂದ. ಅವಳು ಮಲಗುವ ಕೋಣೆಗೆ, ಹಿತ್ತಲಿಗೆ, ಬಚ್ಚಲಿಗೆ ಹೋಗುವ ಸಂದಿಗೆ, ಎಲ್ಲ ಕಡೆ ಒಂದೊಂದು ಜೀರೋ ಬಲ್ಬು ಹಾಕಿಸಿದ. ಇಷ್ಟು ಸಣ್ಣ ಮನೆಗೆ ಇಷ್ಟು ಬಲ್ಬು ಯಾಕ್ರೀ, ಉರುಸು ಮಾಡ್ತೀರೇನು ಎಂದು ವೈರಿಂಗಿನವನು ಕೇಳಿದ. ನನ್ನ ಮಗಳಿಗೆ ಕತ್ತಲೆಂದರೆ ಹೆದರಿಕೆ ಎಂದು ಕೊಟ್ಟೂರೇಶ್ ಹೇಳಿಕೊಂಡ. ಹೇಳುವಾಗ ಒಂದು ಬಗೆಯ ಹೆಮ್ಮೆಯೇ ಇತ್ತು ದನಿಯಲ್ಲಿ: ಮಗಳ ಇಂಥದ್ದೊಂದು ಗೊತ್ತಿರುವ ಅಪ್ಪ ತಾನು.

ಮೇ ಕೊನೆಯ ಭಾನುವಾರ ಖಾಲಿ ಟ್ರಂಕು ಹಿಡಿದು ಹರಿಹರಕ್ಕೆ ಹೋದ. ಬಸ್ಸು ಕೆಟ್ಟು ನಿಂತು, ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಕರೆಂಟೂ ಹೋಗಿತ್ತು. ನಯನಾ ಬಂದು ಟ್ರಂಕನ್ನು ನೋಡಿದಳು. ಬಿದ್ದ ಹಲ್ಲಿನ ಜಾಗದಲ್ಲಿ ಹೊಸದು ಬಂದಿತ್ತು. ಕೂಡ್ರಿ ಎಂದು ಚಾಪೆ ಹಾಸಿ, ಬಿಂದಿಗೆ ಎತ್ತಿಕೊಂಡು, ದೀಪವಿಲ್ಲದೆ ಹಿತ್ತಲಿನ ಕತ್ತಲೆಗೆ ನಡೆದುಹೋದಳು. ನೀರು ಸೇದುವ ಸದ್ದು ಬಂತು. ಅವನು ಬಾಗಿಲ ಕಡೆ ನೋಡುತ್ತಲೇ ಕೂತ. ಅವಳು ಬಂದು ಅಡುಗೆಮನೆಗೆ ಹೋಗಿ, "ಅಜ್ಜಿ, ಬಿಂದಿಗೆ ಎಡಗಡೆ ಇಟ್ಟೀನಿ, ಕಾಲಿಗೆ ತಾಗೀತು" ಎಂದದ್ದು ಕೇಳಿಸಿತು.

ಅವಳು ಚಿಮಣಿ ಹಚ್ಚಿಕೊಂಡು ಬಂದು ಎದುರು ಕೂತಾಗ ಅವನು ಕೇಳಿದ. ಎಷ್ಟೋ ದಿನದ ಮೇಲೆ ಕೇಳಿದ ಮೊದಲ ಪ್ರಶ್ನೆ ಅದು.

"ನಿಂಗೆ ಕತ್ತಲೆ ಅಂದ್ರೆ ಹೆದರಿಕೆ ಅಲ್ಲೇನವ್ವಾ?"

"ಮೊದಲು ಇತ್ತು" ಎಂದಳು. "ಅಜ್ಜಿಗೆ ಕಣ್ಣು ಕಾಣಲ್ಲ ಅಪ್ಪಾಜಿ. ಹಿತ್ತಲಿಗೆ ನಾನೇ ಹೋಗ್ಬೇಕಲ್ಲ."

ಉಗಾದಿಯಾದ ಮೇಲೆ ಶುರುವಾಗಿತ್ತು. ಮೊದಲು ಸೂಜಿಗೆ ದಾರ ಹೋಗಲಿಲ್ಲ, ಆಮೇಲೆ ಅಕ್ಕಿಯೊಳಗಿನ ಕಲ್ಲು ಸಿಗಲಿಲ್ಲ. ಚೌಡವ್ವ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ನರ ಒಣಗಿರುವುದು ಎಂದು ಡಾಕ್ಟರು ಹೇಳಿದ್ದರು. ಉಳಿದಿರುವುದಿಷ್ಟು, ಅದೂ ಹೋಗುತ್ತದೆ ಎಂದಿದ್ದರು. ನಯನಾ ಇದನ್ನೆಲ್ಲ ದೊಡ್ಡವರ ಹಾಗೆ ತಡವರಿಸದೆ ಹೇಳಿದಳು. ಈಗ ಅಕ್ಕಿ ಆರಿಸುವುದು ಅವಳು, ಒಲೆ ಹಚ್ಚುವುದು ಅವಳು.

ನಂಗ್ಯಾಕ ಹೇಳಲಿಲ್ಲ ಎಂದು ಅವನು ಕೇಳಿದ.

"ನೀವು ಕೇಳೋದೇ ಬಿಟ್ರಲ್ಲ" ಎಂದಳು ನಯನಾ. ದೂರುವ ದನಿಯಲ್ಲ. "ಏಪ್ರಿಲ್‌ನಾಗ ಬಂದಾಗ ಕೇಳ್ತೀರಂತ ಮಾಡಿದ್ದೆ. ಮೊದಲು ಎಲ್ಲಾ ಕೇಳ್ತಿದ್ರಿ. ನಂಗೆ ಹೇಳಕ್ಕೆ ಬರ್ತಿರಲಿಲ್ಲ, ಆದ್ರೂ ಕೇಳ್ತಿದ್ರಿ."

ಶಿವರಾತ್ರಿಯ ಹೊತ್ತಿನ ಮಗಳೊಬ್ಬಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೊಟ್ಟೂರೇಶ್ ಮೂರು ತಿಂಗಳು ಕಳೆದಿದ್ದ. ಅವಳಿಗಾಗಿ ಬಲ್ಬು ಹಾಕಿಸಿದ್ದ. ಎದುರು ಕೂತವಳು ಬೇರೆ.

ಬಾಗಿಲ ಹಿಂದಿನಿಂದ ನಿರ್ಮಲಮ್ಮ ಮಾತಾಡಿದರು. ಮೊಮ್ಮಗಳಿಗೆ ಹೇಳಿ ಕಳಿಸಲಿಲ್ಲ.

"ನೀವು ಮಾತು ಕೊಟ್ಟೀರಿ. ಕರಕೊಂಡು ಹೋಗ್ರಿ. ಚೌಡವ್ವ ಅದಾಳೆ, ನಾ ಹೆಂಗೋ ಇರ್ತೀನಿ."

ನೀವೂ ಬರ್ರಿ ಎಂದ ಅವನು. ಎರಡು ರೂಮಿನ ಮನೆ, ನಾನು ಅಂಗಡಿಯಲ್ಲೇ ಮಲಗುತ್ತೇನೆ ಎಂದ. ಅವರು ಒಪ್ಪಲಿಲ್ಲ. "ಮಗಳೇ ಇಲ್ಲದ ಅಳಿಯನ ಮನೆಯಾಗ ಕೂತು ಹೆಂಗಪ್ಪಾ ಉಣ್ಣಲಿ? ಇಲ್ಲಾದ್ರೆ ಗೋಡೆ ಎಲ್ಲೈತೆ, ಬಾಗಿಲು ಎಲ್ಲೈತೆ ಅಂತ ಕೈಗೆ ಗೊತ್ತೈತೆ. ಬ್ಯಾಡ್ರಿ." ಅಪ್ಪಾ ಎಂಬ ಮಾತು ಅವರ ಬಾಯಿಂದ ಅವನಿಗೆ ಬಂದದ್ದು ಅದೇ ಮೊದಲು.

ಅವನು ನಯನಾಳ ಮುಖ ನೋಡಿದ. ಅವಳು ಟ್ರಂಕಿನ ಚಿಲಕ ಹಿಡಿದುಕೊಂಡಿದ್ದಳು. ನಿಂಗೇನು ಅನ್ನಿಸ್ತೈತೆ, ಬರ್ತೀಯೇನು ಎಂದು ಕೇಳಿದ.

"ಬರಬೇಕು ಅಂತ ಐತೆ" ಎಂದಳು. ಚಿಲಕದಿಂದ ಕೈ ತೆಗೆದು, "ಬಂದ್ರೆ ಅಜ್ಜಿಗೆ ಅಕ್ಕಿ ಯಾರು ಆರಿಸ್ತಾರೆ?" ಎಂದಳು.

ಮರುವಾರ ಅವನು ಫಜಲುಲ್ಲಾ ಸಾಹೇಬರ ಹತ್ತಿರ ಹೋಗಿ, ತನ್ನನ್ನು ಹರಿಹರದ ಕೌಂಟರಿಗೆ ಹಾಕಿದರೆ ಊರಲ್ಲೇ ಒಂದು ಬಾಡಿಗೆ ಕೋಣೆ ಹಿಡಿಯುತ್ತೇನೆ ಎಂದು ಕೇಳಿಕೊಂಡ. ಸಾಹೇಬರು ಗಡ್ಡ ನೀವಿಕೊಂಡರು. ಮೂವತ್ತು ವರ್ಷ ಕೂತ ಮಕ್ತುಮ್ ಸಾಬರನ್ನು ಎಬ್ಬಿಸಲಾರೆ, ಸರ್ವರ್ ಇರುವುದು ಇಲ್ಲಿ, ಅದನ್ನು ಬಲ್ಲವರು ನೀವೊಬ್ಬರೇ ಎಂದರು. ಸುಳ್ಳಲ್ಲ ಅದು. ವಾರಕ್ಕೆ ಎರಡು ಸಂಜೆ ಬೇಗ ಬಿಡುತ್ತೇನೆ, ಹೋಗಿ ಬರ್ರಿ ಎಂದರು. ಕೆಲಸ ಬಿಟ್ಟರೆ ಮತ್ತೆ ರಾತ್ರಿ ಒಂಬತ್ತರ ಬ್ಯಾಚು, ಮತ್ತೆ ಬರೀ ಭಾನುವಾರ. ಅವನು ಒಪ್ಪಿಕೊಂಡ.

ಈಗ ಬುಧವಾರ, ಶುಕ್ರವಾರ, ಭಾನುವಾರ ಅವನು ಹರಿಹರಕ್ಕೆ ಹೋಗುತ್ತಾನೆ. ಹೋದ ಕೂಡಲೇ ಕೇಳುತ್ತಾನೆ. ಮೊನ್ನೆ ಗೊತ್ತಿದ್ದದ್ದನ್ನೂ ಮತ್ತೆ ಕೇಳುತ್ತಾನೆ. ನಯನಾ ಒಮ್ಮೊಮ್ಮೆ ಉದ್ದಕ್ಕೆ ಹೇಳುತ್ತಾಳೆ, ಒಮ್ಮೊಮ್ಮೆ ಹೂಂ ಎನ್ನುತ್ತಾಳೆ. ಕೊನೆಯ ಬಸ್ಸಿನಲ್ಲಿ ಅವನು ಒಬ್ಬನೇ ವಾಪಸು ಬಂದು ಎರಡು ರೂಮಿನ ಮನೆಯ ಬೀಗ ತೆಗೆಯುತ್ತಾನೆ.

ಜೂನಿನಲ್ಲಿ ನಯನಾ ಹರಿಹರದ ಶಾಲೆಯಲ್ಲೇ ಐದನೇ ಕ್ಲಾಸಿಗೆ ಸೇರಿದಳು. ಕೊಟ್ಟೂರೇಶ್ ಮಗಳಿಗೆ ಕೊಟ್ಟ ಮಾತು ನಡೆಯಲಿಲ್ಲ.